ಕಪ್ಪಾದುದೆಲ್ಲ ಕೆಚ್ಚಲ್ಲ

ಮನೆ ಕಟ್ಟಿಸುವವರಲ್ಲಿ ಒಂದು ನಂಬಿಕೆ ಬೇರೂರಿದೆ: ಕಟ್ಟಿಗೆ ಕಪ್ಪಾದಷ್ಟೂ ಗಟ್ಟಿ, ದೂರದಿಂದ ಬಂದಷ್ಟೂ ಶ್ರೇಷ್ಠ. ‘ವಾಲ್‌ನಟ್ ಕಲರ್’ ಸನ್‌ಮೈಕಾ ಬಿಕರಿಯಾಗುವುದು ಈ ನಂಬಿಕೆಯ ಬಲದ ಮೇಲೆ. ಬೀದರ ಜಿಲ್ಲೆಯ ರಾಜೇಶ್ವರ, ಹುಮನಾಬಾದ ಸೀಮೆಯ ಬದುವಿನ ಜಾಲಿ ಸೌದೆಯ ಲೆಕ್ಕಕ್ಕೆ ಇಳಿದದ್ದೂ ಇದರಿಂದಲೇ. ಈ ನಂಬಿಕೆ ತೂಕಕ್ಕೆ ನಿಲ್ಲುವುದಿಲ್ಲ.

ಅಮೆರಿಕದ ಪೂರ್ವ ಭಾಗದಲ್ಲಿ ಬೆಳೆಯುವ ಕಪ್ಪು ವಾಲ್‌ನಟ್ ನಮ್ಮ ಅಕ್ರೋಟಿನ ಬಳಗದ ಮರ. ಒಣಗಿದ ಕಟ್ಟಿಗೆ ಘನ ಮೀಟರಿಗೆ ಸುಮಾರು 610 ಕಿಲೋ ತೂಗುತ್ತದೆ. ಸಾಗವಾನಿ ಸುಮಾರು 655, ಬೀಟೆ 830. ಜಾಲಿಯೂ 800ರ ಆಸುಪಾಸಿನದೇ. ಗಟ್ಟಿತನದಲ್ಲೂ ವಾಲ್‌ನಟ್ ಸಾಗವಾನಿಗಿಂತ ಕೊಂಚ ಹಿಂದೆ, ಬೀಟೆಯ ಅರ್ಧಕ್ಕೂ ಕಡಿಮೆ. ಬಣ್ಣವಾದರೂ ಉಳಿಯುತ್ತದೆಯೇ? ಬಿಸಿಲು ಬಿದ್ದಂತೆಲ್ಲ ಅದರ ಕಂದು ಕೆಚ್ಚು ತಿಳಿಯಾಗುತ್ತ ಹೋಗುತ್ತದೆ. ಕೊಳೆಯುವುದನ್ನು ಚೆನ್ನಾಗಿ ತಡೆಯುವ ಈ ಕಟ್ಟಿಗೆ ಹುಳಕ್ಕೆ ಮಾತ್ರ ಸೋಲುತ್ತದೆ.

ಹಾಗಿದ್ದೂ ಅದು ದೊಡ್ಡ ಕಟ್ಟಿಗೆಯೇ. ಅದರ ಗುಣವಿರುವುದು ಉಳಿಗೆ, ರಂದಾಕ್ಕೆ ಒಪ್ಪಿಕೊಳ್ಳುವ ಹದದಲ್ಲಿ, ಒಣಗಿದ ಮೇಲೆ ಸೊಟ್ಟಗಾಗದ ಸ್ಥಿರತೆಯಲ್ಲಿ, ತೂಕಕ್ಕೆ ಮೀರಿ ಪೆಟ್ಟು ತಾಳುವ ಶಕ್ತಿಯಲ್ಲಿ. ಬಂದೂಕಿನ ಹಿಡಿಗೆ ಅದನ್ನು ಆರಿಸಿಕೊಂಡದ್ದು ಇದಕ್ಕಾಗಿಯೇ. ಕಾಶ್ಮೀರದ ಕುಶಲಿಗರು ಅಕ್ರೋಟಿನಲ್ಲಿ ಕೆತ್ತುವುದೂ ಅದು ಉಳಿಯ ಮಾತು ಕೇಳುತ್ತದೆಂದು. ಸನ್‌ಮೈಕಾ ಬಣ್ಣವನ್ನಷ್ಟೇ ನಕಲು ಮಾಡುತ್ತದೆ; ಈ ಗುಣಗಳಲ್ಲಿ ಒಂದೂ ಅದರ ಜೊತೆ ಬರುವುದಿಲ್ಲ.

ಜಾಲಿಯ ಮೇಲಿನ ದೂರುಗಳಲ್ಲಿ ಹುರುಳಿಲ್ಲದಿಲ್ಲ. ಬೊಡ್ಡೆ ಗಿಡ್ಡ, ಸೊಟ್ಟ. ಅಗಲವಾದ ಹಲಗೆ ಸಿಗುವುದು ಅಪರೂಪ. ಒಣಗಿದ ಮೇಲೆ ಹತಾರಗಳ ಬಾಯಿ ಮೊಂಡಾಗುತ್ತದೆ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ. ಬಡಿಗರು ಇದಕ್ಕೆಲ್ಲ ದಾರಿ ಕಂಡುಕೊಂಡಿದ್ದರು: ದಿಮ್ಮಿಯನ್ನು ನೀರಲ್ಲಿ ನೆನೆಹಾಕು, ಹಸಿ ಇರುವಾಗಲೇ ರೂಪಕ್ಕೆ ತಂದುಕೋ, ಬಿಳಿ ತೆಗೆದು ಕೆಚ್ಚು ಉಳಿಸಿಕೋ. ಬಂಡಿಯ ಗಾಲಿ, ರಂಟೆ, ಕುಂಟೆಗಳಿಗೆ ಬೇಕಾದದ್ದು ಅಗಲವಾದ ಹಲಗೆಯಲ್ಲ, ಸೀಳದ ಕೆಚ್ಚು. ಅಲ್ಲಿ ಜಾಲಿ ಗೆದ್ದಿತು. ವಾಲ್‌ನಟ್ ಇಟ್ಟಿದ್ದರೆ ದುಬಾರಿಯ ದಂಡ.

ಜಾಲಿಯ ಹೆಸರು ಕೆಡಿಸಿದ್ದರಲ್ಲಿ ಬಳ್ಳಾರಿ ಜಾಲಿಯ ಪಾಲೂ ಇದೆ. ಪಾಳುಭೂಮಿಯನ್ನೆಲ್ಲ ಆವರಿಸುವ ಆ ಮುಳ್ಳು ಬೇರೆಯೇ ಜಾತಿ, ಅಮೆರಿಕ ಖಂಡದಿಂದ ಬಂದದ್ದು. ದೂರದಿಂದ ಬಂದದ್ದೇ ಶ್ರೇಷ್ಠ ಎನ್ನುವವರು ಅದಕ್ಕೂ ಮಣೆ ಹಾಕಬೇಕಾಗುತ್ತದೆ!

ಬೀದರ ಕೋಟೆಯ ರಂಗೀನ ಮಹಲಿನ ಕೆತ್ತನೆಯ ಮರಗಂಬಗಳನ್ನು ಕಂಡವರಿಗೆ ಗೊತ್ತು, ಕಟ್ಟಿಗೆಯ ಸೊಬಗು ಈ ಸೀಮೆಗೆ ಹೊಸ ವಿದ್ಯೆಯಲ್ಲ. ಹಾಗಾಗಿ ಬಾಗಿಲಿಗೆ ಸಾಗವಾನಿ ಇರಲಿ, ಭಾರ ಹೊರುವಲ್ಲಿ ಜಾಲಿ ಇರಲಿ, ಕೈಯಲ್ಲಿ ಹಣವಿದ್ದು ಕೆತ್ತನೆಯ ಆಸೆಯಿದ್ದರೆ ವಾಲ್‌ನಟ್ಟೂ ಬರಲಿ. ಆದರೆ ಬಡಿಗನ ಮುಂದೆ ಕೂತಾಗ ಬಣ್ಣದ ಪಟ್ಟಿ ಕೇಳಬೇಡಿ. ಯಾವ ಕೆಲಸಕ್ಕೆ ಯಾವ ಕಟ್ಟಿಗೆ ಎಂದು ಕೇಳಿ.