ಹದಿನೇಳನೆಯ ತಾರೀಖಿನ ಆಚೆಗೆ

ಪ್ರತಿ ವರ್ಷ ಸಪ್ಟಂಬರ ಬಂತೆಂದರೆ ನಮ್ಮ ಕಲಬುರಗಿ ಸೀಮೆಯಲ್ಲಿ ಒಂದು ಬಗೆಯ ಪುಸ್ತಕಗಳು ಹೊರಬೀಳುತ್ತವೆ. ಹೈದರಾಬಾದ ಸಂಸ್ಥಾನದ ವಿಮೋಚನೆಗಾಗಿ ಹೋರಾಡಿದ ಹಿರಿಯರ ಆತ್ಮಕಥೆಗಳು, ಅವರ ಮಕ್ಕಳು ಮೊಮ್ಮಕ್ಕಳು ಹೊರತಂದ ಸಂಸ್ಮರಣ ಗ್ರಂಥಗಳು, ತಾಲೂಕುವಾರು ಹೋರಾಟದ ಚರಿತ್ರೆಗಳು. ಇವುಗಳಲ್ಲಿ ಹಲವನ್ನು ಓದಿದ್ದೇನೆ. ಒಂದೆರಡಕ್ಕೆ ಮುನ್ನುಡಿಯನ್ನೂ ಬರೆದುಕೊಟ್ಟಿದ್ದೇನೆ. ಆದ್ದರಿಂದ ಈಗ ಹೇಳಹೊರಟಿರುವ ಆಕ್ಷೇಪಣೆಯಲ್ಲಿ ನನ್ನ ಪಾಲೂ ಇದೆಯೆಂದು ಮೊದಲೇ ಒಪ್ಪಿಕೊಳ್ಳುವುದು ಲೇಸು.

ಈ ಪುಸ್ತಕಗಳ ಕಟ್ಟು ಬಹುಮಟ್ಟಿಗೆ ಒಂದೇ. ನಿಜಾಮನ ಆಡಳಿತದ ವರ್ಣನೆ ಮೊದಲು, ಆಮೇಲೆ ಕಾಸೀಂ ರಜವಿಯ ರಜಾಕಾರರ ಹಾವಳಿ, ಸುಟ್ಟ ಊರುಗಳು, ಲೂಟಿಯಾದ ಮನೆಗಳು, ಗಡಿಯಾಚೆಯ ಶಿಬಿರಗಳು, ಕೊನೆಗೆ 1948ರ ಸಪ್ಟಂಬರ 13ರಂದು ಭಾರತದ ಸೇನೆ ಒಳಹೊಕ್ಕು, 17ರಂದು ನಿಜಾಮ ಸೋಲೊಪ್ಪಿದ್ದು. ಧ್ವಜ ಏರಿತು, ಪುಸ್ತಕ ಮುಗಿಯಿತು. ಹದಿನೆಂಟನೆಯ ತಾರೀಖು ಎಂಬುದು ಈ ಸಾಹಿತ್ಯದಲ್ಲಿ ಇಲ್ಲವೇ ಇಲ್ಲ.

ಆದರೆ ಇದೇ ಸೀಮೆಯಲ್ಲಿ ಇನ್ನೊಂದು ಕಥೆಯಿದೆ. ಅದು ಹದಿನೇಳಕ್ಕೆ ಮುಗಿಯುವುದಿಲ್ಲ, ಆಗ ತೊಡಗುತ್ತದೆ. ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸಲ್ಮಾನರ ಮೇಲೆ ನಡೆದ ಕೊಲೆ, ಸುಲಿಗೆ, ಹೆಂಗಸರ ಅಪಹರಣಗಳನ್ನು ವಿಚಾರಿಸಲು ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫ್ಫಾರ್ ಮೊದಲಾದವರ ಸಮಿತಿಯೊಂದು ಆ ವರ್ಷದ ನವೆಂಬರ-ಡಿಸೆಂಬರದಲ್ಲಿ ಸಂಸ್ಥಾನವನ್ನು ಸುತ್ತಿತು. ಸತ್ತವರು 27,000ದಿಂದ 40,000 ಎಂದು ಅದು ಅಂದಾಜು ಮಾಡಿತು. ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕೇ ಜಿಲ್ಲೆಗಳಲ್ಲಿ 18,000ಕ್ಕೆ ಕಡಿಮೆಯಿಲ್ಲವೆಂದಿತು. ವಲ್ಲಭಭಾಯಿ ಪಟೇಲರು ಈ ವರದಿಯನ್ನು ಒಪ್ಪಲಿಲ್ಲ. ಅದು ದಶಕಗಳ ಕಾಲ ಕಡತದಲ್ಲೇ ಉಳಿಯಿತು. ಎ. ಜಿ. ನೂರಾನಿಯವರು ಹೈದರಾಬಾದಿನ ಪತನವನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ಅಚ್ಚು ಹಾಕಿಸಿದ ಮೇಲೆಯೇ ನಮ್ಮಂಥವರ ಕಣ್ಣಿಗೆ ಬಿದ್ದದ್ದು. ಅಂಕಿಗಳ ತಕರಾರು ಇತಿಹಾಸಕಾರರಿಗಿರಲಿ. ಅದೇ ವರದಿಯ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು: ಕೆಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ತಮ್ಮವರಿಂದಲೇ ಕಾಪಾಡಲು ಹೋಗಿ ಪ್ರಾಣ ತೆತ್ತರಂತೆ. ಅವರ ಹೆಸರಿನಲ್ಲಿಯೂ ನಮ್ಮಲ್ಲಿ ಸಂಸ್ಮರಣ ಗ್ರಂಥವಿಲ್ಲ.

ಎರಡು ದುಃಖಗಳನ್ನು ತಕ್ಕಡಿಯಲ್ಲಿಟ್ಟು ಒಂದರಿಂದ ಇನ್ನೊಂದನ್ನು ಕಳೆಯುವ ಲೆಕ್ಕ ನನ್ನದಲ್ಲ. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಯಾವ ಸಮಾಧಾನದ ಮಾತೂ ಮುಚ್ಚಲಾರದು. ಅಲ್ಲಿ 2023ರಲ್ಲಿ ಸ್ಮಾರಕವೂ ಎದ್ದಿತು. ನನ್ನ ಮನೆಯವರೂ ಆ ಹಾವಳಿಯನ್ನು ಉಂಡವರೇ.

ಅಫಜಲಪುರದವರಿಗೆ ಭೀಮಾ ಹೊಳೆ ದಾಟಿದರೆ ವಿಜಾಪುರ ಜಿಲ್ಲೆ, ಜೇವರ್ಗಿಯವರಿಗೆ ಸಿಂದಗಿಯ ಸೀಮೆ, ಆಳಂದದವರಿಗೆ ಅಕ್ಕಲಕೋಟೆ, ಸೋಲಾಪುರ. ಅವೆಲ್ಲ ಆಗ ಮುಂಬಯಿ ಪ್ರಾಂತದ ನೆಲ. ಜೀವ ಉಳಿಸಿಕೊಳ್ಳುವುದೆಂದರೆ ಗಡಿ ದಾಟುವುದು. ನಮ್ಮ ಆಯಿ ಹೊಳೆ ದಾಟಿದವಳು. ಆಕೆ ಆ ಕಥೆಯನ್ನು ಹೇಳಿದ್ದು ತೀರ ಕಡಿಮೆ. ‘ಅವಾಗ ನಾವು ಹೊಳಿ ಆಚಿಗಿ ಇದ್ದೆವು’ ಎಂದಷ್ಟೇ ಅಂದು ಮಾತು ಬದಲಿಸುವಳು. ಆದರೆ ಅಡಿಗೆಮನೆಯ ಗೂಟಕ್ಕೆ ಒಂದು ಅರಿವೆಯ ಗಂಟು ಸದಾ ತೂಗುತ್ತಿತ್ತು. ಅದರಲ್ಲಿ ಹತ್ತೆಂಟು ಖಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ. ಹಳತಾದರೆ ದನಕ್ಕೆ ಹಾಕಿ ಹೊಸದನ್ನು ಕಟ್ಟುವಳು. ಆಯಿ ಹೋದ ಮೇಲೆ ನಮ್ಮ ತಾಯಿಯೂ ಕಟ್ಟುತ್ತ ಬಂದಳು. ಏಕೆಂದು ಕೇಳಿದರೆ ‘ಇರಲಿ, ಕಟ್ಟೂದು ರೂಢಿ’ ಎಂಬ ಉತ್ತರ. ಆಕೆ ಹುಟ್ಟಿದ್ದು ಆ ಕಾಲ ಕಳೆದು ಎಷ್ಟೋ ವರ್ಷಗಳ ಮೇಲೆ. ಕಥೆ ಬರಲಿಲ್ಲ, ಅಂಜಿಕೆ ಮಾತ್ರ ಬಂತು.

ಕಳೆದ ವರ್ಷ ಈ ಮೂರು ತಾಲೂಕುಗಳಿಂದ ಬರುವ ನನ್ನ ಬಿ.ಎ. ವಿದ್ಯಾರ್ಥಿಗಳಿಗೆ, ಮನೆಯ ಹಿರಿಯರನ್ನು ಕೇಳಿ ಆ ಕಾಲದ ಕುರಿತು ಎರಡು ಪುಟ ಬರೆದುಕೊಂಡು ಬನ್ನಿರೆಂದೆ. ಬಂದ ಬರಹಗಳಲ್ಲಿ ಅರ್ಧಕ್ಕರ್ಧ ಪಠ್ಯಪುಸ್ತಕದ ನಕಲು. ಉಳಿದವುಗಳಲ್ಲಿ ಹುಡೆಯ ಮೇಲೆ ರಾತ್ರಿ ಕಾವಲು ಕಾಯ್ದವರಿದ್ದರು, ಹಗೇವಿನಲ್ಲಿ ಹಿತ್ತಾಳೆ ಪಾತ್ರೆ ಹೂತವರಿದ್ದರು. ಆಳಂದ ಕಡೆಯ ಒಬ್ಬ ಹುಡುಗಿ ಬರೆದದ್ದು ಐದೇ ಸಾಲು: ತನ್ನ ದಾದಿಯ ತಾಯಿ ‘ಪೊಲೀಸ್ ಆಕ್ಷನ್’ ಎಂಬ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು, ಇದಕ್ಕಿಂತ ಹೆಚ್ಚು ತನಗೆ ಗೊತ್ತಿಲ್ಲ, ಕೇಳಲು ಮನೆಯಲ್ಲಿ ಯಾರೂ ಉಳಿದಿಲ್ಲ ಎಂದು. ನಮ್ಮ ಮನೆಯಲ್ಲಿ ‘ರಜಾಕಾರರ ಗದ್ದಲ’ ಎಂಬುದು ಹೇಗೋ, ಅವರ ಮನೆಯಲ್ಲಿ ಇದು ಹಾಗೆ. ಅವರಿವರ ಹುಟ್ಟು-ಸಾವುಗಳ ಲೆಕ್ಕ ಈ ಎರಡು ಮಾತುಗಳಿಂದ ನಡೆಯುತ್ತದೆ. ಕಾಲ ಒಂದೇ, ಹೆಸರು ಎರಡು.

ಈಗ ಸಾಹಿತ್ಯದ ಮಾತಿಗೆ ಬರೋಣ. ನಮ್ಮ ಸ್ಮರಣ ಗ್ರಂಥಗಳಲ್ಲಿ ಸುಳ್ಳಿದೆಯೆಂದು ನನ್ನ ದೂರಲ್ಲ. ಅವುಗಳ ರಸದೃಷ್ಟಿ ಕುಂದಿದೆ. ಅಲ್ಲಿ ಅಂಗಿರಸ ವೀರ. ಗಂಡನನ್ನು ಕಳೆದುಕೊಂಡ ಹೆಂಗಸು ಪುಟದಲ್ಲಿ ಬರುವುದು ಮುಂದಿನ ಪುಟದ ಹೋರಾಟಕ್ಕೆ ಕಾರಣ ಒದಗಿಸುವುದಕ್ಕಷ್ಟೇ. ಆಮೇಲೆ ಆಕೆ ನಲವತ್ತು ವರ್ಷ ಹೇಗೆ ಬದುಕಿದಳೆಂಬುದು ಲೇಖಕನಿಗೆ ಬೇಡ. ಕರುಣ ರಸವನ್ನು ವೀರದ ಊಳಿಗಕ್ಕೆ ಹಚ್ಚಿದಾಗ ಸತ್ತವರು ಎರಡನೆಯ ಸಲ ಸಾಯುತ್ತಾರೆ. ಯುದ್ಧವನ್ನು ವರ್ಣಿಸುವ ನಮ್ಮ ಹಿರಿಯ ಕವಿಗಳು ಹೀಗೆ ಮಾಡಿದವರಲ್ಲ. ಮಹಾಭಾರತದ ಅಂಗಿರಸ ಶಾಂತವೆಂದು ಆನಂದವರ್ಧನ ಹೇಳಿದ್ದು ಸುಮ್ಮನಲ್ಲ. ಸ್ತ್ರೀಪರ್ವದ ಗಾಂಧಾರಿ ತನ್ನ ಮಕ್ಕಳಿಗಾಗಿ ಅತ್ತು ನಿಲ್ಲಿಸದೆ ಎದುರಾಳಿಯ ಪಕ್ಷದ ಅಭಿಮನ್ಯುವಿನ ಹೆಂಡತಿಯ ಅಳುವನ್ನೂ ಕೃಷ್ಣನಿಗೆ ತೋರಿಸುತ್ತಾಳೆ. ನಮ್ಮ ರನ್ನನ ಗದಾಯುದ್ಧವನ್ನು ನೆನೆಯಿರಿ. ಎಲ್ಲ ಕಳೆದುಕೊಂಡು ಹೆಣಗಳ ನಡುವೆ ನಡೆಯುವ ದುರ್ಯೋಧನ ಶತ್ರುವಿನ ಮಗ ಅಭಿಮನ್ಯುವಿನ ದೇಹದ ಮುಂದೆ ನಿಂತು ಕೈಮುಗಿಯುತ್ತಾನೆ. ಪ್ರತಿವರ್ಷ ಆ ಭಾಗವನ್ನು ತರಗತಿಯಲ್ಲಿ ಓದುತ್ತೇವೆ, ಪ್ರಶ್ನೆಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಕೇಳುತ್ತೇವೆ. 1948ನ್ನು ಬರೆಯಲು ಕುಳಿತಾಗ ಮಾತ್ರ ಮರೆಯುತ್ತೇವೆ.

ಹೀಗಾಗಲು ಇನ್ನೊಂದು ಕಾರಣವೂ ಉಂಟು. ಅದು ಭಾಷೆಗೆ ಸಂಬಂಧಿಸಿದ್ದು. ಆ ಪೀಳಿಗೆಯ ಕನ್ನಡಿಗರು ಉರ್ದುವಿನಲ್ಲಿ ಕಲಿತವರು, ಕಚೇರಿಯ ಕಾಗದ ಉರ್ದುವಿನಲ್ಲಿ ಬರೆದವರು. ಶಾಂತರಸರಂಥವರು ಕನ್ನಡಕ್ಕೆ ಗಜಲನ್ನು ತಂದದ್ದು ಆ ಬಾಳಿನ ಫಲ. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದ ಮೇಲೆ ಕನ್ನಡ ಬಂತು, ಬರಬೇಕಾದದ್ದೇ ಬಂತು. ಆದರೆ ಮುತ್ಯಾನ ಅಕ್ಷರ ಮೊಮ್ಮಗನಿಗೆ ಕುರುಡಾಯಿತು. ಅತ್ತ ಮುಸಲ್ಮಾನರ ನೆನಪು ದಖನಿಯ ಬಾಯಿಮಾತಿನಲ್ಲಿ ಉಳಿಯಿತೇ ವಿನಾ ಕನ್ನಡದ ಅಚ್ಚುಮನೆಗೆ ಬರಲಿಲ್ಲ. ಅಫ್ಸರ್ ಮಹಮ್ಮದರು ಆ ಬಾಯಿಮಾತುಗಳನ್ನು ಕೂಡಿಸಿ ಬರೆದ ಗ್ರಂಥ 2023ರಲ್ಲಿ ಹೊರಬಂದದ್ದು ಇಂಗ್ಲಿಷಿನಲ್ಲಿ.

ಹೇಳದೆ ಉಳಿದ ನೆನಪು ಮಕ್ಕಳಲ್ಲಿ ಏನಾಗುತ್ತದೆಂಬುದಕ್ಕೆ ಹೊರನಾಡಿನ ಒಂದು ನಿದರ್ಶನ ಸಾಕು. ನಾಜಿಗಳ ಶಿಬಿರದಿಂದ ಬದುಕಿ ಬಂದ ತಂದೆಯನ್ನು ಕುರಿತು ಆರ್ಟ್ ಸ್ಪೀಗಲ್‌ಮನ್ ರಚಿಸಿದ ‘ಮೌಸ್’ ಎಂಬ ಚಿತ್ರಕಥೆಗೆ 1992ರಲ್ಲಿ ಪುಲಿಟ್ಜರ್ ವಿಶೇಷ ಬಹುಮಾನ ಬಂತು. ಅದರಲ್ಲಿ ಮಗನ ದೊಡ್ಡ ಸಿಟ್ಟು, ತೀರಿಹೋದ ತಾಯಿಯ ದಿನಚರಿಯನ್ನು ತಂದೆ ಸುಟ್ಟುಹಾಕಿದನೆಂಬುದು. ಬೀದರ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆಯವರು 1948ರ ಬೆಂಕಿಯಲ್ಲಿ ತಾಯಿಯನ್ನೂ ಸೋದರಿಯನ್ನೂ ಕಳೆದುಕೊಂಡದ್ದನ್ನು ಪತ್ರಿಕೆಗಳಿಗೆ ವಿವರಿಸಿದವರು ಅವರ ಮಗ. 2024ರ ಮಹಾರಾಷ್ಟ್ರ ಚುನಾವಣೆಯಲ್ಲಿ ಅದು ಎದುರಾಳಿಗಳ ಭಾಷಣಕ್ಕೆ ವಸ್ತುವಾದಾಗ, ಅದು ರಜಾಕಾರರ ಕೃತ್ಯ, ಇಡೀ ಸಮುದಾಯದ್ದಲ್ಲ ಎಂದು ಉತ್ತರ ಕೊಡಬೇಕಾದವರೂ ಆ ಮಗನೇ. ಪಕ್ಷಗಳ ಮಾತು ಬಿಡಿ. ಸ್ಮರಣೆಯ ಸಾಹಿತ್ಯ ಬಲಿಯದ ಕಡೆ ಸ್ಮರಣೆಯೆಲ್ಲ ಭಾಷಣವೇ ಆಗುತ್ತದೆ.

ಆ ವಿದ್ಯಾರ್ಥಿಗಳ ಬರಹಗಳಿಗೆ ಮರಳುತ್ತೇನೆ. ಜೇವರ್ಗಿ ತಾಲೂಕಿನ ಹುಡುಗನೊಬ್ಬ ಬರವಣಿಗೆ ತರಲಿಲ್ಲ, ಮೊಬೈಲಿನಲ್ಲಿ ಒಂದು ಚಿತ್ರ ತಂದ. ತಾಮ್ರದ ದೊಡ್ಡ ದೇಗು. ಮುತ್ಯಾನ ತಂದೆಯ ಕಾಲದ್ದಂತೆ; ಮದುವೆಗಳಲ್ಲಿ ಸಾರು ಮಾಡುವುದಕ್ಕೆ ಊರವರೆಲ್ಲ ಒಯ್ಯುತ್ತಾರಂತೆ. ಅದರ ಕಂಠದ ಮೇಲೆ ಉರ್ದು ಅಕ್ಷರ. ಮುತ್ಯಾ ಅದನ್ನು ಓದಬಲ್ಲವನಾಗಿದ್ದ, ಎಂದೂ ಓದಿ ಹೇಳಲಿಲ್ಲ. ನಾನು ನಮ್ಮ ಉರ್ದು ವಿಭಾಗದ ಮಿತ್ರರಿಗೆ ತೋರಿಸಿದೆ. ಅವರು ಕನ್ನಡಕ ಸರಿಪಡಿಸಿಕೊಂಡು ಓದಿದರು: ಒಬ್ಬ ಹೆಂಗಸಿನ ಹೆಸರು, ಆಕೆಯ ಊರಿನ ಹೆಸರು. ಊರು ಹುಡುಗನದೇ. ಆ ಮನೆತನ ಈಗ ಅಲ್ಲಿಲ್ಲ. ಕಾಪಾಡಲು ಕೊಟ್ಟುಹೋದದ್ದೋ, ಕೊಂಡದ್ದೋ, ಮತ್ತೆ ಹೇಗೆ ಬಂದದ್ದೋ ಅವನಿಗೆ ತಿಳಿಯದು.

‘ಸರ್, ಇದನ್ನ ಬರೀಲೇನ್ರೀ?’ ಎಂದ. ಮುತ್ಯಾನ ಹೆಸರು ಕೆಡುತ್ತದೆ, ಬರೆಯಬೇಡವೆಂದು ಮನೆಯಲ್ಲಿ ತಾಯಿ ಹೇಳಿದ್ದಾಳೆ. ಬರಿ, ಮುತ್ಯಾನ ಹೆಸರು ಬಿಟ್ಟು ಬರಿ ಎಂದೆ. ಅವನು ಸ್ವಲ್ಪ ಹೊತ್ತು ನಿಂತು, ‘ಮತ್ತ ಆ ಹೆಣಮಗಳ ಹೆಸರು?’ ಎಂದು ಕೇಳಿದ.