ಬೇಡದ ಪದಗಳ ಪಟ್ಟಿ

ಗೂಗಲ್ ಜಾಹೀರಾತಿನಲ್ಲಿ ಒಬ್ಬರ ಕೈ ಎಷ್ಟು ಪಳಗಿದೆ ಎಂದು ತಿಳಿಯಲು ನಾನು ಅವರ ಜಾಹೀರಾತನ್ನು ಓದುವುದಿಲ್ಲ. ನೆಗೆಟಿವ್ ಕೀವರ್ಡ್ ಪಟ್ಟಿ ತೋರಿಸಿ ಅನ್ನುತ್ತೇನೆ. ಯಾವ ಪದ ಹುಡುಕಿದವರಿಗೆ ನಮ್ಮ ಜಾಹೀರಾತು ಕಾಣಲೇಬಾರದು ಎಂದು ಬರೆದಿಡುವ ಪಟ್ಟಿ ಅದು. ಅದು ಖಾಲಿ ಇದ್ದರೆ ದುಡ್ಡು ಸೋರುತ್ತಿದೆ ಎಂದೇ ಲೆಕ್ಕ.

ಸಕಲೇಶಪುರದ ಆಚೆ ಕಾಫಿ ತೋಟದೊಳಗೆ ಒಂದು ಹೋಂಸ್ಟೇ ಇದೆ ಎಂದುಕೊಳ್ಳಿ. ಮಾಲೀಕರು ‘ಸಕಲೇಶಪುರ ಹೋಂಸ್ಟೇ’ ಎಂದು ಕೀವರ್ಡ್ ಹಾಕಿ, ದಿನಕ್ಕೆ 500 ರೂಪಾಯಿ ಬಜೆಟ್ ಇಟ್ಟು ನಿಶ್ಚಿಂತೆಯಿಂದ ಮಲಗುತ್ತಾರೆ. ನಾವು ಬೇರೆ ಹೇಳದಿದ್ದರೆ ಗೂಗಲ್ ಅದನ್ನು ಬ್ರಾಡ್ ಮ್ಯಾಚ್ ಎಂದೇ ಹಿಡಿಯುತ್ತದೆ. ಅರ್ಥದಲ್ಲಿ ಹತ್ತಿರ ಅನ್ನಿಸಿದ ಹುಡುಕಾಟಕ್ಕೆಲ್ಲ ಜಾಹೀರಾತು ತೋರಿಸಬಹುದು. ಹೋಂಸ್ಟೇ ಲೈಸೆನ್ಸ್ ಪಡೆಯುವುದು ಹೇಗೆ ಎನ್ನುವವರು, ಹೋಂಸ್ಟೇಯಲ್ಲಿ ಅಡುಗೆ ಕೆಲಸ ಹುಡುಕುವವರು, ಮಾರಾಟಕ್ಕಿರುವ ತೋಟ ನೋಡುವವರು, ಯಾರು ಒತ್ತಿದರೂ ದುಡ್ಡು ಹೋಗುವುದು ಮಾಲೀಕರದ್ದೇ. ನಿಜಕ್ಕೂ ರೂಮು ಬೇಕಾದವರು ಬರುವ ಹೊತ್ತಿಗೆ ಅಂದಿನ ಬಜೆಟ್ ಮುಗಿದಿರುತ್ತದೆ. ಅಂದಹಾಗೆ, 500 ಎಂದರೆ 500 ಅಲ್ಲ: ಗಿರಾಕಿ ಹೆಚ್ಚಿರುವ ದಿನ ಗೂಗಲ್ ಅದರ ಎರಡರಷ್ಟರವರೆಗೂ ಖರ್ಚು ಮಾಡಿ, ತಿಂಗಳ ಲೆಕ್ಕದಲ್ಲಿ ಸರಿದೂಗಿಸುತ್ತದೆ.

ಬೇಡದ ಕ್ಲಿಕ್ಕುಗಳ ಸೋರಿಕೆಗೆ ಮದ್ದು ಸರ್ಚ್ ಟರ್ಮ್ಸ್ ವರದಿ. ಜನ ನಿಜವಾಗಿ ಏನು ಬರೆದು ಹುಡುಕಿದರು ಎಂಬುದು ಅಲ್ಲಿದೆ. 2020ರಲ್ಲಿ ಗೂಗಲ್ ಈ ವರದಿಯನ್ನು ಮೊಟಕುಗೊಳಿಸಿ, ಕೆಲವೇ ಜನ ಹುಡುಕಿದ ಪದಗಳನ್ನು ಮರೆಮಾಡಿತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಉಳಿದದ್ದನ್ನಾದರೂ ವಾರಕ್ಕೊಮ್ಮೆ ಕೂತು ಓದಿ, ಕಲ್ಲು ಆರಿಸುವ ಹಾಗೆ ಬೇಡದ್ದನ್ನು ಆರಿಸಿ ಪಟ್ಟಿಗೆ ಸೇರಿಸಬೇಕು. ನೆಗೆಟಿವ್ ಪಟ್ಟಿಗೆ ಊಹಾಶಕ್ತಿ ಇಲ್ಲ. ‘ಜಾಬ್’ ಬೇಡ ಎಂದರೆ ‘ಜಾಬ್ಸ್’ ತಾನಾಗಿ ನಿಲ್ಲುವುದಿಲ್ಲ. ನಮ್ಮವರು ‘ಕೆಲಸ’ ಎಂಬುದನ್ನು ಕನ್ನಡದಲ್ಲೂ ಬರೆಯುತ್ತಾರೆ, ಇಂಗ್ಲಿಷ್ ಅಕ್ಷರದಲ್ಲೂ ಬರೆಯುತ್ತಾರೆ. ಎರಡನ್ನೂ ಬೇರೆ ಬೇರೆಯಾಗಿ ಹಾಕಬೇಕು.

ಜಾಹೀರಾತು ಯಾವ ಊರಿನವರಿಗೆ ಕಾಣಬೇಕು ಎಂಬ ಆಯ್ಕೆಯಲ್ಲೂ ಇಂಥದೇ ಸೋರಿಕೆ. ಸಕಲೇಶಪುರದವರು ಸಕಲೇಶಪುರದ ಹೋಂಸ್ಟೇಗೆ ಬರುವುದು ಅಪರೂಪ. ಗಿರಾಕಿ ಇರುವುದು ಬೆಂಗಳೂರು, ಮಂಗಳೂರುಗಳಲ್ಲಿ. ಬೆಂಗಳೂರಿನ ಜಯನಗರದ ಹಲ್ಲಿನ ವೈದ್ಯರಿಗಾದರೆ ಇದು ತಿರುಗುಮುರುಗು, ಗಿರಾಕಿ ಅಕ್ಕಪಕ್ಕದವರೇ. ಗೂಗಲ್ ತಾನಾಗಿ ಇಟ್ಟಿರುವ ಆಯ್ಕೆಯಲ್ಲಿ ಆ ಊರಿನಲ್ಲಿರುವವರ ಜೊತೆಗೆ, ಆ ಊರಿನ ಬಗ್ಗೆ ಆಸಕ್ತಿ ತೋರಿದವರೂ ಸೇರಿರುತ್ತಾರೆ. ವೈದ್ಯರು ಅದನ್ನು ಮೊದಲು ಬದಲಿಸಲಿ.

ಹೆಚ್ಚು ಬಿಡ್ ಮಾಡಿದವರ, ಅಂದರೆ ಕ್ಲಿಕ್ಕಿಗೆ ಹೆಚ್ಚು ಮೊತ್ತ ಕೂಗಿದವರ ಜಾಹೀರಾತೇ ಮೇಲೆ ಬರುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಒಂದು ಕಾಲದಲ್ಲಿ ಅದು ನಿಜವಾಗಿತ್ತು. 1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಅವರ ಗೋಟು.ಕಾಂ ಎಂಬ ಸರ್ಚ್ ಎಂಜಿನ್ ಕ್ಲಿಕ್ಕಿಗಿಷ್ಟು ಎಂದು ಹರಾಜು ಶುರುಮಾಡಿದಾಗ ದೊಡ್ಡ ಮೊತ್ತದವನೇ ಮೇಲಿರುತ್ತಿದ್ದ. 2002ರಲ್ಲಿ ಗೂಗಲ್ ಬಿಡ್ ಜೊತೆ, ಜನ ಆ ಜಾಹೀರಾತನ್ನು ಎಷ್ಟು ಒತ್ತುತ್ತಾರೆ ಎಂಬುದನ್ನೂ ಗುಣಿಸಿತು. ಅಂದಿನಿಂದ 10 ರೂಪಾಯಿಯ ಹದವಾದ ಜಾಹೀರಾತು 20 ರೂಪಾಯಿಯ ಒರಟು ಜಾಹೀರಾತನ್ನು ಹಿಂದಿಕ್ಕಬಹುದು. ಈಗ ಒತ್ತಿದ ಮೇಲೆ ತೆರೆಯುವ ಪುಟದ ಗುಣವೂ ಲೆಕ್ಕಕ್ಕೆ ಬರುತ್ತದೆ. ರೂಮಿನ ಬಾಡಿಗೆ, ಊಟದ ವಿವರ, ಫೋನ್ ನಂಬರ್ ಕಾಣದ ಪುಟಕ್ಕೆ ಜನರನ್ನು ಕರೆತರುವುದು ವ್ಯರ್ಥ. ಜಾಹೀರಾತಿನ ತಲೆಬರಹಕ್ಕಿರುವುದು 30 ಅಕ್ಷರದ ಜಾಗ. ಅಲ್ಲಿ ‘ಅತ್ಯುತ್ತಮ’ ಬರೆದವರು ಸೋತರು, ‘ತೋಟದ ನಡುವೆ, ಊಟ ಸಹಿತ’ ಎಂದವರು ಗೆದ್ದರು.

ಸ್ವಂತ ಹೆಸರಿಗೇ ಜಾಹೀರಾತು ಕೊಳ್ಳಬೇಕೆ? ಇಬೇ ಕಂಪನಿ 2012ರಲ್ಲಿ ಯಾಹೂ, ಎಂಎಸ್‌ಎನ್‌ಗಳಲ್ಲಿ ತನ್ನ ಹೆಸರಿನ ಜಾಹೀರಾತು ನಿಲ್ಲಿಸಿ ನೋಡಿತು. ಬರಬೇಕಾದ ಜನ ಬಹುಪಾಲು ಕೆಳಗಿನ ಉಚಿತ ಕೊಂಡಿಯಿಂದಲೇ ಬಂದರು. ಬ್ಲೇಕ್, ನೊಸ್ಕೊ, ಟಡೆಲಿಸ್ ಬರೆದ ಆ ಅಧ್ಯಯನ 2015ರಲ್ಲಿ ‘ಎಕನೊಮೆಟ್ರಿಕಾ’ದಲ್ಲಿ ಪ್ರಕಟವಾಯಿತು. ಆದರೆ ಇಬೇ ಹೆಸರಾದ ಕಂಪನಿ, ಅದರ ಮಾತು ಬೇರೆ. ನಿಮ್ಮ ಹೋಂಸ್ಟೇ ಹೆಸರು ಹುಡುಕಿ ನೋಡಿ: ಬುಕಿಂಗ್ ಕಂಪನಿಯ ಜಾಹೀರಾತು ತಲೆಯ ಮೇಲೆ ಕೂತಿದ್ದರೆ ಕೊಳ್ಳಿ, ಇಲ್ಲದಿದ್ದರೆ ಆ ದುಡ್ಡು ಉಳಿಸಿ.

ಕೊನೆಯದಾಗಿ, ಯಾವ ಕ್ಲಿಕ್ಕಿನಿಂದ ಫೋನ್ ಬಂತು, ಯಾವುದರಿಂದ ಬುಕಿಂಗ್ ಆಯಿತು ಎಂದು ತಿಳಿಸುವ ಕನ್ವರ್ಶನ್ ಟ್ರ್ಯಾಕಿಂಗ್ ಕೂರಿಸುವ ತನಕ ಬಜೆಟ್ ಏರಿಸಬೇಡಿ. ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿಯನ್ನೂ ಸೇರಿಸಿಯೇ ಲೆಕ್ಕ ಹಾಕಿ.