ಸ್ನಾತಕೋತ್ತರ ಸಂಗೀತಾಭ್ಯಾಸದಲ್ಲಿ ಕಛೇರಿ ಕಟ್ಟುವ ವಿದ್ಯೆ: ಕಲ್ಯಾಣ, ಹುಮನಾಬಾದಗಳ ನಿದರ್ಶನ

ಸಂಗೀತವು ವಿಶ್ವವಿದ್ಯಾಲಯದ ಅಧ್ಯಯನವಿಷಯವಾದುದು ಮಹತ್ವದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ. ಮನೆತನ, ಘರಾಣೆಗಳ ಮೇರೆಯೊಳಗೆ ಉಳಿದಿದ್ದ ವಿದ್ಯೆಯು ಇದರಿಂದ ಹಲವರಿಗೆ ದಕ್ಕಿತು. ಆದರೆ ಒಂದು ನ್ಯೂನತೆಯೂ ಇದರೊಡನೆ ಬೆಳೆದುಬಂದಿದೆ. ಸ್ನಾತಕೋತ್ತರ ಪದವಿ ಪಡೆದ ತರುಣನು ರಾಗಲಕ್ಷಣವನ್ನು ದೋಷವಿಲ್ಲದೆ ನಿರೂಪಿಸಬಲ್ಲನು. ಪರೀಕ್ಷಕರು ಕೇಳಿದ ರಾಗವನ್ನು ಹಾಡಿಯೂ ತೋರಬಲ್ಲನು. ಒಂದೂವರೆ ಗಂಟೆಯ ಕಾಲ ಒಂದು ಊರಿನ ಸಭೆಯನ್ನು ಹಿಡಿದು ಕೂರಿಸುವುದು ಮಾತ್ರ ಅನೇಕರಿಗೆ ಸಾಧ್ಯವಾಗುತ್ತಿಲ್ಲ. ಇದು ಪ್ರತಿಭೆಯ ಕೊರತೆಯೋ, ಶಿಕ್ಷಣದ ಕೊರತೆಯೋ ಎಂಬುದೇ ಇಲ್ಲಿ ವಿವೇಚಿಸಬೇಕಾದ ಪ್ರಶ್ನೆ. ಇತಿಹಾಸದ ಅಭ್ಯಾಸಿಯೊಬ್ಬನು ಈ ಪ್ರಶ್ನೆಯನ್ನು ಎತ್ತುವುದಕ್ಕೆ ಕಾರಣವಿದೆ: ಇದಕ್ಕೆ ಸಂಬಂಧಿಸಿದ ಅತ್ಯಂತ ಬೆಲೆಯುಳ್ಳ ಆಧಾರಗಳಲ್ಲಿ ಒಂದು ನಮ್ಮ ಕಲ್ಯಾಣದಲ್ಲಿಯೇ ಹುಟ್ಟಿದ ಗ್ರಂಥ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಎರಡನೆಯ ಪಾದದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಈ ಬೃಹತ್ ಗ್ರಂಥದಲ್ಲಿ ಗೀತ, ವಾದ್ಯ, ನೃತ್ಯಗಳು ‘ವಿನೋದ’ಗಳೆಂಬ ಹೆಸರಿನಲ್ಲಿ ಸೇರಿವೆ. ಅವನ ಮಗ ಜಗದೇಕಮಲ್ಲನು ‘ಸಂಗೀತ ಚೂಡಾಮಣಿ’ಯನ್ನು ಬರೆದನು. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತ ರತ್ನಾಕರ’ದಲ್ಲಿ ಪೂರ್ವಾಚಾರ್ಯರನ್ನು ಸ್ಮರಿಸುವಾಗ ಈ ತಂದೆಮಕ್ಕಳಿಬ್ಬರನ್ನೂ ಹೆಸರಿಸುತ್ತಾನೆ.

ಈ ಸಂಗತಿಗಳು ಸಂಗೀತದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಗ್ರಂಥದ ಹೆಸರು, ಕರ್ತೃ, ಕಾಲ ಇಷ್ಟನ್ನು ಲಿಖಿತ ಪತ್ರಿಕೆಗಾಗಿ ಕಂಠಪಾಠ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಗ್ರಂಥದ ದೃಷ್ಟಿ ಯಾವುದೆಂದು ಕೇಳುವವರು ವಿರಳ. ಸೋಮೇಶ್ವರನು ಗೀತವನ್ನು ಸಭೆಯಿಂದ ಬೇರ್ಪಡಿಸಿ ನೋಡುವುದಿಲ್ಲ. ಕಥೆ ಹೇಳುವುದಕ್ಕೆ ಷಟ್ಪದಿ, ಮದುವೆಗೆ ಧವಳ, ಉತ್ಸವಕ್ಕೆ ಮಂಗಲ ಮತ್ತು ಚರ್ಚರಿ, ಧ್ಯಾನಪರರಿಗೆ ಚರ್ಯಾ ಎಂದು ಅವನು ವಿನಿಯೋಗವನ್ನು ಹೇಳುತ್ತಾನೆ. ಯಾವ ಹಾಡು ಎಂಬ ಪ್ರಶ್ನೆಯ ಜೊತೆಗೇ ಯಾರಿಗೆ, ಯಾವ ಸಮಯಕ್ಕೆ ಎಂಬ ಪ್ರಶ್ನೆಯೂ ಅವನಲ್ಲಿ ಏಳುತ್ತದೆ. ಕಛೇರಿ ಕಟ್ಟುವ ವಿದ್ಯೆಯ ಬೀಜ ಇದೇ. ಅದನ್ನು ಇತಿಹಾಸದ ಪತ್ರಿಕೆಯಲ್ಲಿ ಹೂತು, ಪ್ರಾಯೋಗಿಕ ಪರೀಕ್ಷೆಯನ್ನು ಅದರಿಂದ ದೂರವಿಟ್ಟಿರುವುದು ನಮ್ಮ ಪಾಠಕ್ರಮಗಳ ಮೊದಲನೆಯ ದೋಷ.

ಆದರೆ ‘ಮಾನಸೋಲ್ಲಾಸ’ವನ್ನು ಇದ್ದಂತೆಯೇ ಮಾದರಿಯಾಗಿ ಹಿಡಿಯುವುದೂ ಸಲ್ಲದು. ಅದರ ಸಭೆ ಅರಸನ ಸಭೆ. ರಂಜನೆಯ ಅಳತೆಗೋಲು ಒಬ್ಬ ಪ್ರಭುವಿನ ಅಭಿರುಚಿ. ಇಂದಿನ ಗಾಯಕನು ಎದುರಿಸಬೇಕಾದುದು ಹಲವು ಅಭಿರುಚಿಗಳ ಸಭೆಯನ್ನು. ಇದಕ್ಕೆ ಬಸವಕಲ್ಯಾಣ, ಹುಮನಾಬಾದಗಳಿಗಿಂತ ಒಳ್ಳೆಯ ನಿದರ್ಶನಗಳನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಬಸವಕಲ್ಯಾಣವು ಶರಣರ ಕ್ಷೇತ್ರ. ಮಲ್ಲಿಕಾರ್ಜುನ ಮನ್ಸೂರ್ (1910–1992), ಬಸವರಾಜ ರಾಜಗುರು (1917–1991) ಮೊದಲಾದವರು ಹಿಂದೂಸ್ತಾನಿ ಕಛೇರಿಯಲ್ಲಿ ವಚನಕ್ಕೆ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟರು. ಅವರ ಅನುಕರಣೆಯಲ್ಲಿ ಇಂದು ಖ್ಯಾಲಿನ ಬಳಿಕ ಒಂದು ವಚನವನ್ನು ಹಾಡುವುದು ವಾಡಿಕೆಯಾಗಿದೆ. ಆದರೆ ವಚನವು ಪದ್ಯವಲ್ಲ. ಅದರ ನಡೆ ಮಾತಿನದು, ಅದರ ಬಿಗಿ ಅರ್ಥದ್ದು. ಸಭೆಯಲ್ಲಿ ಕುಳಿತವರಲ್ಲಿ ಅನೇಕರಿಗೆ ಅದು ಬಾಲ್ಯದಿಂದ ಬಾಯಿಗೆ ಬಂದುದು. ತಾನಿನ ಭರದಲ್ಲಿ ಪದವನ್ನು ನಡುವೆ ಒಡೆದರೆ, ಅಂಕಿತದವರೆಗೆ ಅರ್ಥವನ್ನು ಒಯ್ಯದೆ ಮೊದಲ ಸಾಲನ್ನೇ ಹೊರಳಿಸುತ್ತ ಕುಳಿತರೆ, ಅಂಥ ಕೇಳುಗರು ಗಾಯಕನ ಕೈಬಿಟ್ಟುಹೋಗುತ್ತಾರೆ. ರಾಗ ಶುದ್ಧವಾಗಿರುತ್ತದೆ, ಕಛೇರಿ ಬಿದ್ದಿರುತ್ತದೆ. ಪರೀಕ್ಷೆಯ ಅಂಕಪಟ್ಟಿಯಲ್ಲಿ ಈ ಸೋಲಿಗೆ ಕಾಲಮ್ಮೇ ಇಲ್ಲ.

ಹುಮನಾಬಾದದ ಸನ್ನಿವೇಶ ಬೇರೆ. ಅಲ್ಲಿಗೆ ಹೊಂದಿಕೊಂಡಿರುವ ಮಾಣಿಕನಗರವು ಮಾಣಿಕಪ್ರಭುಗಳ (1817–1865) ಸಂಸ್ಥಾನ. ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಜನಿಸಿ ‘ಸಕಲಮತ’ ಸಂಪ್ರದಾಯವನ್ನು ಸ್ಥಾಪಿಸಿದ ಅವರು ಕನ್ನಡ, ಮರಾಠಿ, ಹಿಂದಿ ಮುಂತಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಮಾರ್ಗಶಿರದ ದತ್ತ ಜಯಂತಿಯ ಉತ್ಸವದಲ್ಲಿ ಅಲ್ಲಿ ಸಂಗೀತ ದರ್ಬಾರು ನಡೆಯುತ್ತದೆ. ಮೂರು ಭಾಷೆಯ ಭಕ್ತರು, ಪಳಗಿದ ರಸಿಕರು, ಪ್ರಸಾದಕ್ಕೆಂದು ಬಂದು ಕುಳಿತ ಹಳ್ಳಿಗರು, ಎಲ್ಲರೂ ಅಲ್ಲಿ ಒಂದೇ ಸಭೆ. ಈ ಸಭೆಯ ಮುಂದೆ ವಿಲಂಬಿತವನ್ನು ಎಷ್ಟು ಹೊತ್ತು ಬೆಳೆಸಬೇಕು, ಯಾವ ಭಾಷೆಯ ಪದವನ್ನು ಎಲ್ಲಿ ತರಬೇಕು, ಹಿಂದಿನ ಗಾಯಕರು ಹಾಡಿ ಮುಗಿಸಿದ ರಾಗದ ನೆರಳಿನಿಂದ ಹೇಗೆ ಪಾರಾಗಬೇಕು ಎಂಬ ನಿರ್ಣಯಗಳನ್ನು ಯಾವ ಪಠ್ಯಪುಸ್ತಕವೂ ಕಲಿಸದು.

ಇದಕ್ಕೆ ಒಂದು ಆಕ್ಷೇಪವಿದೆ: ಕಛೇರಿಯ ಹದವು ಅನುಭವದಿಂದ ಬರತಕ್ಕದ್ದು, ತರಗತಿಯಲ್ಲಿ ಕಲಿಸುವಂಥದಲ್ಲ ಎಂದು. ಇದು ಅರ್ಧ ಸತ್ಯ. ಸವಾಯಿ ಗಂಧರ್ವರೂ (1886–1952) ಮನ್ಸೂರರೂ ನಾಟಕ ಕಂಪನಿಗಳ ರಂಗದ ಮೇಲೆ ಹಾಡಿದವರು. ಜನರ ಮನಸ್ಸು ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಆ ರಂಗ ಅವರಿಗೆ ತೋರಿಸಿಕೊಟ್ಟಿತು. ಅಬ್ದುಲ್ ಕರೀಂ ಖಾನರು (1872–1937) ಮೂರು ನಿಮಿಷದಷ್ಟೇ ಅವಕಾಶವಿದ್ದ ಗ್ರಾಮಫೋನ್ ತಟ್ಟೆಯಲ್ಲಿ ರಾಗದ ಮೂರ್ತಿಯನ್ನು ಕಡೆದು ನಿಲ್ಲಿಸಿದರು. ದಕ್ಷಿಣಾದಿಯಲ್ಲಿ ಅರಿಯಕುಡಿ ರಾಮಾನುಜ ಅಯ್ಯಂಗಾರರು (1890–1967) ವರ್ಣದಿಂದ ತೊಡಗಿ ಲಘುಕೃತಿಗಳಲ್ಲಿ ಮುಗಿಯುವ ಕಛೇರಿ ಪದ್ಧತಿಯನ್ನು ರೂಢಿಗೆ ತಂದರು. ಒಬ್ಬರು ಯೋಚಿಸಿ ಕಟ್ಟಿದ ಕ್ರಮವನ್ನು ಸಾವಿರ ಮಂದಿ ಕಲಿತರು. ಅನುಭವವನ್ನು ಕೊಡುವ ಸನ್ನಿವೇಶವನ್ನು ಒದಗಿಸಬಹುದು, ಅದರ ವಿಮರ್ಶೆಯನ್ನು ಕಲಿಸಬಹುದು ಎಂಬುದು ಇದರಿಂದ ಸಿದ್ಧವಾಗುತ್ತದೆ. ಹಿಂದೆ ಗುರುವಿನ ಹಿಂದೆ ತಂಬೂರಿ ಹಿಡಿದು ಕುಳಿತ ಶಿಷ್ಯನಿಗೆ ದೊರೆಯುತ್ತಿದ್ದುದು ಇದೇ ಶಿಕ್ಷಣ.

ಕೆಲವು ವಿಶ್ವವಿದ್ಯಾಲಯಗಳಲ್ಲಿ ವೇದಿಕೆಯ ಗಾಯನಕ್ಕೂ ಅಂಕಗಳುಂಟು. ಆದರೆ ಪರೀಕ್ಷಕರೂ ಸಹಪಾಠಿಗಳೂ ಮಾತ್ರ ಕುಳಿತಿರುವ ಕೋಣೆಯನ್ನು ಸಭೆಯೆನ್ನಲಾಗದು. ಆದುದರಿಂದ ಮೂರು ಸಲಹೆಗಳನ್ನು ಇಲ್ಲಿ ಮುಂದಿಡಬಹುದು. ವಿದ್ಯಾರ್ಥಿಯು ಒಂದೇ ರಾಗವನ್ನು ಹತ್ತು, ಮೂವತ್ತು, ಅರವತ್ತು ನಿಮಿಷಗಳಿಗೆ ಹೊಂದಿಸಿ ಹಾಡುವುದನ್ನು ಅಭ್ಯಾಸ ಮಾಡಬೇಕು. ಒಂದು ಕಛೇರಿಯ ಯೋಜನೆಯನ್ನು ಕಾರಣಸಹಿತ ಬರೆದು, ಅದನ್ನು ಬಸವಕಲ್ಯಾಣದಂತಹ ಊರಿನ ಸಾಮಾನ್ಯ ಸಭೆಯ ಮುಂದೆ ಹಾಡಿ, ಯೋಜನೆ ಎಲ್ಲಿ ಮುರಿಯಿತೆಂಬುದನ್ನು ಮತ್ತೆ ಬರೆಯಬೇಕು. ಮಾಣಿಕನಗರದಂತಹ ಉತ್ಸವಗಳಲ್ಲಿ ತಂಬೂರಿ ಹಿಡಿದು ಕೂರುವುದನ್ನೂ ಕೇಳಿದ್ದನ್ನು ದಾಖಲಿಸುವುದನ್ನೂ ಪಾಠಕ್ರಮದ ಅಂಗವೆಂದೇ ಎಣಿಸಬೇಕು. ಇವಕ್ಕೆ ಹೆಚ್ಚಿನ ಹಣ ಬೇಡ; ಬೇಕಾದುದು ಪ್ರಯಾಣದ ವೆಚ್ಚ, ತಬಲೆ ಹಾರ್ಮೋನಿಯಂ ಸಾಥಿದಾರರ ಸಂಭಾವನೆ, ಅಧ್ಯಾಪಕರ ಸಮ್ಮತಿ.

ಇದನ್ನು ಕಡೆಗಣಿಸಿದರೆ ಪದವೀಧರರು ಮುಂದಿನ ಪದವೀಧರರಿಗೆ ಪಾಠ ಹೇಳುವುದರಲ್ಲಿಯೇ ವಿದ್ಯೆ ಸುತ್ತುವರಿದು ನಿಲ್ಲುವ ಅಪಾಯವಿದೆ. ಗೀತದ ವಿನಿಯೋಗವನ್ನು ಒಂಬತ್ತು ಶತಮಾನಗಳ ಹಿಂದೆಯೇ ಚಿಂತಿಸಿದ ನಾಡಿನಲ್ಲಿ, ಪದವೀಧರ ಗಾಯಕನೊಬ್ಬನು ಕಲ್ಯಾಣದ ಸಭೆಯ ಎದುರು ಏನು ಹಾಡಬೇಕೆಂದು ತಿಳಿಯದೆ ಕೂರುವಂತಾಗಬಾರದು.